ಬಾದಾಮಿ, ಖಾನಾಪುರದ ಕಡೆ ಆ್ಯಪ್‌ನಲ್ಲಿ ಮನೆ ಹಿಡಿಯುವುದು: ನಾಲ್ಕು ವರ್ಷ ಬಳಸಿದ ಮೇಲೆ

ಪ್ರವಾಸ ಹೋದಾಗ ಒಂದೆರಡು ರಾತ್ರಿ ಉಳಿಯಲಿಕ್ಕೆ ಮನೆ ಹುಡುಕಲಿಕ್ಕೆ, ದುಡ್ಡು ಕಟ್ಟಲಿಕ್ಕೆ ಆ್ಯಪ್ ಚಲೋ ಐತಿ. ಮನೆ ಒಳಗೆ ಹೇಗಿದೆ ಅನ್ನುವುದಕ್ಕೆ ಮಾತ್ರ ಅದನ್ನೇ ನಂಬಿ ಕೂರುವಂತಿಲ್ಲ. ಅದನ್ನು ಚಾಟ್‌ನಲ್ಲಿ ಮನೆಯವರನ್ನೇ ಕೆದಕಿ ಕೆದಕಿ ಕೇಳಬೇಕು. 5ಕ್ಕೆ ಮೂರೂವರೆ ಕೊಡಬಹುದು.

ಮೊದಲು ದರ. ಹುಡುಕುವಾಗಲೇ ತಾರೀಖು ಮತ್ತು ಮಕ್ಕಳನ್ನೂ ಸೇರಿಸಿ ತಲೆ ಎಣಿಕೆ ಹಾಕಿ. ರಾತ್ರಿಗೆ ₹3,000 ಅಂತ ಕಾಣುವ ಮನೆಗೆ ಸ್ವಚ್ಛತೆಯ ಶುಲ್ಕ ₹800, ಹೆಚ್ಚುವರಿ ಇಬ್ಬರಿಗೆ ರಾತ್ರಿಗೆ ತಲಾ ₹400 ಇದ್ದರೆ ಒಂದು ರಾತ್ರಿಗೇ ₹4,600. ಎರಡು ರಾತ್ರಿ ಇದ್ದರೆ ₹8,400, ಅಂದರೆ ರಾತ್ರಿಗೆ ₹4,200. ಸ್ವಚ್ಛತೆಯ ಶುಲ್ಕ ಬೀಳುವುದು ಒಮ್ಮೆ ಮಾತ್ರ. ಆ್ಯಪ್‌ನ ಶುಲ್ಕ, ಜಿಎಸ್‌ಟಿ ಇದರ ಮೇಲೆ. ದಿನಕ್ಕೆ ₹7,500ರ ವರೆಗಿನ ಕೋಣೆಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತಲೆ ಎಣಿಕೆ ಕಡಿಮೆ ಹಾಕಿ ಉಳಿಸಲು ಹೋದರೆ ಬಾಗಿಲಲ್ಲಿ ನಗದು ಕೇಳುತ್ತಾರೆ, ಅದಕ್ಕೆ ರಸೀದಿ ಇರುವುದಿಲ್ಲ.

ನಕ್ಷೆಯಲ್ಲಿ ಬುಕ್ ಆಗುವ ತನಕ ಕಾಣುವುದು ಬರೀ ಒಂದು ವೃತ್ತ. 'ಬಾದಾಮಿ' ಅಂತ ಬರೆದ ಮನೆ ರೈಲ್ವೆ ಸ್ಟೇಷನ್ ಹತ್ತಿರವೂ ಇರಬಹುದು, ಬನಶಂಕರಿ ಕಡೆಗೂ ಇರಬಹುದು. ಬಾದಾಮಿ ಊರಿನಿಂದ ಎರಡೂ ಸುಮಾರು 5 ಕಿಲೋಮೀಟರ್. ರಾತ್ರಿ ಟಂಟಂ (ಮೂರು ಗಾಲಿಯ ಆಟೊ) ಸಿಗುವುದು ಕಷ್ಟ. ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ ಅಂತಲೇ ಕೇಳಿ. ಅಗಸ್ತ್ಯ ತೀರ್ಥದ ಕೆರೆ ಹತ್ತಿರದ ಹಳೆ ಓಣಿಗಳಲ್ಲಿ ಮನೆ ಸಿಕ್ಕರೆ ಗುಹೆಗಳಿಗೆ ನಡೆದೇ ಹೋಗಬಹುದು, ಆದರೆ ಟೆಂಪೊ ಟ್ರಾವೆಲರ್ ಒಳಗೆ ಬರುವುದಿಲ್ಲ. ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಕೇಳಿಟ್ಟುಕೊಳ್ಳಿ.

ಹೆಚ್ಚು ಎಡವುವುದು ನೀರು, ಕರೆಂಟಿನ ಲೆಕ್ಕದಲ್ಲಿ. 'ನೀರು ಇಪ್ಪತ್ನಾಲ್ಕು ತಾಸು ಬರತದೇನ್ರೀ' ಅಂತ ಕೇಳಿದರೆ 'ಎಲ್ಲಾ ವ್ಯವಸ್ಥಾ ಐತ್ರಿ' ಅನ್ನುತ್ತಾರೆ. ಅದು ಉತ್ತರವಲ್ಲ. ಟ್ಯಾಂಕು ಎಷ್ಟು ಲೀಟರಿನದು ಅಂತ ಕೇಳಿ. ತಲೆಗೆ ದಿನಕ್ಕೆ ನೂರು ಲೀಟರ್ ಹಿಡಿದರೂ ಎಂಟು ಮಂದಿಗೆ 500 ಲೀಟರಿನ ಟ್ಯಾಂಕು ಮಧ್ಯಾಹ್ನಕ್ಕೇ ಖಾಲಿ. ತೋಟದ ಮನೆಗಳಲ್ಲಿ ಬೋರಿನ ಮೋಟರು ತ್ರೀ ಫೇಸ್ ಕರೆಂಟು ಇದ್ದಾಗಲೇ ಓಡುತ್ತದೆ, ಅದು ಬರುವುದು ದಿನದಲ್ಲಿ ಕೆಲವೇ ತಾಸು. ಹಾಗಾಗಿ ಮೇಲೆ ಎಷ್ಟು ತುಂಬಿದೆಯೋ ಅಷ್ಟೇ ನಿಮ್ಮ ನೀರು. 15 ಲೀಟರಿನ ಗೀಸರಿನಿಂದ ತಣ್ಣೀರು ಬೆರೆಸಿ ಎರಡು ಬಕೆಟ್ ಸಿಗುತ್ತದೆ. ಮತ್ತೆ ಕಾಯಲು ಸುಮಾರು 20 ನಿಮಿಷ ಬೇಕು. ಮುಂಜಾನೆ ಆರಕ್ಕೆ ಪಟ್ಟದಕಲ್ಲಿಗೆ ಹೊರಡುವುದಿದ್ದರೆ ಸ್ನಾನ ನಾಲ್ಕೂವರೆಗೇ ಶುರುವಾಗಬೇಕು.

'ಪವರ್ ಬ್ಯಾಕಪ್ ಇದೆ' ಅಂದರೆ ಬಹುತೇಕ ಇನ್ವರ್ಟರಿಗೆ 150 ಎಎಚ್‌ನ (ಆಂಪಿಯರ್-ಅವರ್) ಒಂದೇ ಬ್ಯಾಟರಿ. ನಾಲ್ಕು ಫ್ಯಾನು, ನಾಲ್ಕು ಲೈಟು ಮೂರ್ನಾಲ್ಕು ತಾಸು ನಡೆಯುತ್ತವೆ. ಎಸಿ, ಗೀಸರು ನಡೆಯುವುದಿಲ್ಲ. ವಿಜಯಪುರದ ಮೇ ತಿಂಗಳಲ್ಲಿ ಸ್ಲ್ಯಾಬ್ ಮನೆಯ ಮೇಲಿನ ಅಂತಸ್ತು ಹಿಡಿಯಲೇಬೇಡಿ. ಹಗಲೆಲ್ಲ ಕಾದ ಸ್ಲ್ಯಾಬು ನಡುರಾತ್ರಿವರೆಗೂ ಕಾವು ಉಗುಳುತ್ತಿರುತ್ತದೆ.

ಫೋಟೊಗಳಲ್ಲಿ ಮೊದಲು ಬಚ್ಚಲು ನೋಡಿ. ಬಚ್ಚಲಿನ ಫೋಟೊವೇ ಇಲ್ಲದ ಮನೆಯನ್ನು ಅಲ್ಲಿಗೇ ಬಿಡಿ. ಶವರ್ ಇದ್ದೂ ನಳದ ಕೆಳಗೆ ಬಕೆಟ್ ಇಟ್ಟಿದ್ದರೆ ಶವರಿನಲ್ಲಿ ನೀರಿನ ರಭಸ ಇಲ್ಲ ಅಂತ ತಿಳಿಯಿರಿ. 'ಹತ್ತು ಮಂದಿ ಮಲಗಬಹುದು' ಅಂದಲ್ಲಿ ಮಂಚ ಎಷ್ಟು, ನೆಲದ ಮೇಲೆ ಹಾಸುವ ಗಾದಿ ಎಷ್ಟು ಅಂತ ಬಿಡಿಸಿ ಕೇಳಿ. ವಿಮರ್ಶೆಗಳಲ್ಲಿ ನೀವು ಹೋಗುವ ತಿಂಗಳಿನವನ್ನೇ ಹೆಕ್ಕಿ ಓದಿ. ಡಿಸೆಂಬರಿನ ಹೊಗಳಿಕೆ ಖಾನಾಪುರದ ಕಾಡಿನ ಕಡೆ ಇರುವ ಜಾಂಬೋಟಿಗೆ ಜುಲೈನಲ್ಲಿ ಲಾಗೂ ಆಗುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ತಂತಿ ಮೇಲೆ ಮರ ಬಿದ್ದರೆ ಕರೆಂಟು ಬೇಗ ಬರುವುದಿಲ್ಲ, ನೆಟ್‌ವರ್ಕೂ ಹೋಗುತ್ತದೆ. ವಿಳಾಸ, ಬೀಗದ ನಂಬರು, ಮನೆಯವರ ಫೋನು ಇವುಗಳ ಸ್ಕ್ರೀನ್‌ಶಾಟ್ ಬೆಳಗಾವಿ ಬಿಡುವ ಮೊದಲೇ ತೆಗೆದಿಡಿ.

ಒಂದೇ ಮನೆ ಎರಡು-ಮೂರು ಆ್ಯಪ್‌ಗಳಲ್ಲಿ ಇರುತ್ತದೆ. ಒಂದರಲ್ಲಿ ತಾರೀಖು ತುಂಬಿದ್ದು ಇನ್ನೊಂದಕ್ಕೆ ತಿಳಿಯಲು ಕೆಲವು ತಾಸು ಹಿಡಿಯಬಹುದು, ಅಷ್ಟರಲ್ಲಿ ಎರಡು ಬುಕಿಂಗ್ ಬಿದ್ದು ಒಬ್ಬರದು ರದ್ದಾಗುತ್ತದೆ. ದುಡ್ಡು ವಾಪಸ್ ಬರುತ್ತದೆ, ಮನೆ ಬರುವುದಿಲ್ಲ. ಜನವರಿಯ ಬನಶಂಕರಿ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬೆಳಗಾವಿಯ ಚಳಿಗಾಲದ ಅಧಿವೇಶನ: ಈ ದಿನಗಳಿಗೆ ಬುಕ್ ಮಾಡಿದ ಕೂಡಲೇ ಮನೆಯವರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ರದ್ದತಿಯ ಗಡುವನ್ನು ದಿನದಿಂದಲ್ಲ, ಚೆಕ್-ಇನ್ ವೇಳೆಯಿಂದ ಎಣಿಸುವುದು ರೂಢಿ. ಐದು ದಿನ ಮೊದಲು ಅಂದಿದ್ದು ಚೆಕ್-ಇನ್ ಮಧ್ಯಾಹ್ನ 2ಕ್ಕಿದ್ದರೆ, ಐದನೇ ದಿನ ಸಂಜೆ ರದ್ದು ಮಾಡಿದವರಿಗೆ ತಡವಾಯಿತು ಅಂತಲೇ ಅರ್ಥ.

'ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡ್ರಿ, ಫೋನ್‌ಪೇ ಮಾಡಿದ್ರ ಐನೂರು ಕಡಿಮಿ' ಅಂತ ಮನೆಯವರು ಅಂದರೆ ಒಪ್ಪಬೇಡಿ. ತಕರಾರು ಎದ್ದರೆ ಆ್ಯಪ್ ಕೈ ಕಟ್ಟಿ ಕೂರುತ್ತದೆ. ಗುರುತಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ.

ಇನ್ನು ಬಾದಾಮಿಯಲ್ಲಿ ಯಾವ ಮನೆಯೇ ಇರಲಿ, ಅಡುಗೆಮನೆಯ ಕಿಟಕಿಗೆ ಜಾಳಿ (ತಂತಿ ಬಲೆ) ಇದೆಯೇ ಕೇಳಿ. ಫೋಟೊದಲ್ಲಿ ಮಂಗಗಳು ಕಾಣುವುದಿಲ್ಲ.