ಲಾಗಿನ್ ಕಟ್ಟೋಕೆ ಜ್ಯಾಂಗೊನಾ, ಫ್ಲಾಸ್ಕಾ?

ನಾನು ಪಿಎಚ್‌ಪಿ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವವನು. ಪೈಥಾನ್ ಅಷ್ಟಿಷ್ಟು ಗೊತ್ತಿತ್ತು, ಅದರಲ್ಲಿ ವೆಬ್‌ಸೈಟ್ ಮಾತ್ರ ಕಟ್ಟಿರಲಿಲ್ಲ. ಹೊಸ ಟೂಲ್ ಕೈಗೆ ಸಿಕ್ಕರೆ ನಾನು ಮೊದಲು ಮಾಡುವುದು ಲಾಗಿನ್ ಪುಟ. ಫಾರ್ಮ್, ಡೇಟಾಬೇಸ್, ಸೆಷನ್, ಸೆಕ್ಯುರಿಟಿ ಎಲ್ಲದರ ಪರೀಕ್ಷೆಯೂ ಅಲ್ಲೇ ಆಗಿಹೋಗುತ್ತದೆ. ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟೋಕೆ ಇರುವ ಎರಡು ಫ್ರೇಮ್‌ವರ್ಕ್‌ಗಳು ಜ್ಯಾಂಗೊ ಮತ್ತು ಫ್ಲಾಸ್ಕ್. ಹಾಗಾಗಿ ಒಂದೇ ಲಾಗಿನ್ ಅನ್ನು ಎರಡರಲ್ಲೂ ಕಟ್ಟಿ ನೋಡಿದೆ.

ಜ್ಯಾಂಗೊದಲ್ಲಿ ನಾವು ಕೈ ಹಾಕುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಹೊಸ ಪ್ರಾಜೆಕ್ಟ್ ತೆರೆದು ಡೇಟಾಬೇಸ್ ಟೇಬಲ್‌ಗಳನ್ನು ಮಾಡುವ ಮೈಗ್ರೇಟ್ ಕಮಾಂಡ್ ಕೊಟ್ಟರೆ ಬಳಕೆದಾರರ ಟೇಬಲ್ ರೆಡಿ. ಲಾಗಿನ್, ಲಾಗೌಟ್, ಪಾಸ್‌ವರ್ಡ್ ಬದಲಾವಣೆ ಎಲ್ಲಕ್ಕೂ ವ್ಯೂ (ಪುಟದ ಹಿಂದೆ ಕೆಲಸ ಮಾಡುವ ಕೋಡ್) ಇದೆ, ಟೆಂಪ್ಲೇಟ್, ಅಂದರೆ ಪುಟದ ಎಚ್‌ಟಿಎಂಎಲ್ ಮಾತ್ರ ನಮ್ಮದು. 12345678 ಅಂತ ಪಾಸ್‌ವರ್ಡ್ ಕೊಟ್ಟರೆ ಅದರ ಸೈನಪ್ ಫಾರ್ಮ್ ಒಪ್ಪುವುದೇ ಇಲ್ಲ. ಅಡ್ಮಿನ್ ಪುಟ ಬೇರೆ ಬಿಟ್ಟಿ ಸಿಗುತ್ತದೆ.

ಕಿರಿಕಿರಿಯೂ ಇದೆ. ಲಾಗಿನ್ ಆದ ತಕ್ಷಣ ಅದು ನಾವು ಮಾಡಿರದ ಪ್ರೊಫೈಲ್ ಪುಟಕ್ಕೆ ಕಳಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬೇರೆ ವಿಳಾಸ ಕೊಡದಿದ್ದರೆ ಸಿಗೋದು 404, ಅಂದರೆ ‘ಪುಟ ಇಲ್ಲ’ ಅನ್ನುವ ಎರರ್. ಹಳೆಯ ಪಾಠಗಳಲ್ಲಿ ಲಾಗೌಟ್‌ಗೆ ಸುಮ್ನೆ ಒಂದು ಲಿಂಕ್ ಹಾಕಿರುತ್ತಾರೆ. 5.0 ಆವೃತ್ತಿಯಿಂದ ಅದು ನಡೆಯಲ್ಲ, ಪೋಸ್ಟ್ ವಿಧಾನದಲ್ಲಿ ಕಳಿಸುವ ಫಾರ್ಮ್ ಬೇಕು.

ಇವೆಲ್ಲ ಚಿಲ್ಲರೆ ವಿಷಯ. ನಿಜವಾಗಿ ಯೋಚಿಸಬೇಕಾದ್ದು ಯೂಸರ್ ಮಾಡೆಲ್ ಬಗ್ಗೆ, ಅಂದರೆ ಬಳಕೆದಾರರ ಟೇಬಲ್ ಹೇಗಿರಬೇಕು ಅಂತ ಹೇಳುವ ಕೋಡ್ ಬಗ್ಗೆ. ಜ್ಯಾಂಗೊ ಕೊಡುವ ಮಾಡೆಲ್‌ನಲ್ಲಿ ಲಾಗಿನ್ ನಡೆಯುವುದು ಯೂಸರ್‌ನೇಮ್ ಮೇಲೆ. ಒಂದೇ ಇಮೇಲ್ ಇಬ್ಬರಿಗಿದ್ದರೂ ಅದು ತಕರಾರು ಮಾಡಲ್ಲ. ಇಮೇಲ್‌ನಿಂದಲೇ ಲಾಗಿನ್ ಆಗಬೇಕು ಅಂದರೆ ನಮ್ಮದೇ ಮಾಡೆಲ್ ಬರೆಯಬೇಕು, ಅದೂ ಮೊದಲ ಮೈಗ್ರೇಟ್‌ಗೆ ಮುಂಚೆ. ಆಮೇಲೆ ಬದಲಾಯಿಸಲು ಹೊರಟರೆ ಬೇರೆ ಟೇಬಲ್‌ಗಳನ್ನು ಆ ಟೇಬಲ್‌ಗೆ ಜೋಡಿಸುವ ಫಾರಿನ್ ಕೀಗಳನ್ನೆಲ್ಲ ಕೈಯಿಂದ ಸರಿಮಾಡುತ್ತಾ ಕೂರಬೇಕು. ಟೂಲ್‌ನ ಗಂಧಗಾಳಿ ಇಲ್ಲದವನಿಂದ ಮೊದಲ ದಿನವೇ ಇಂಥ ತೀರ್ಮಾನ ಕೇಳೋದು ಸ್ವಲ್ಪ ಜಾಸ್ತಿನೇ ಆಯ್ತು, ಅಲ್ವಾ?

ಫ್ಲಾಸ್ಕ್ ಕೊಡುವುದು ಖಾಲಿ ಸೈಟು, ಮನೆ ನಾವೇ ಕಟ್ಟಿಕೊಳ್ಳಬೇಕು. ಡೇಟಾಬೇಸ್‌ಗೆ ಫ್ಲಾಸ್ಕ್-ಎಸ್‌ಕ್ಯೂಎಲ್‌ಆಲ್ಕೆಮಿ, ಫಾರ್ಮ್‌ಗೆ ಫ್ಲಾಸ್ಕ್-ಡಬ್ಲ್ಯೂಟಿಎಫ್, ಸೆಷನ್‌ಗೆ ಫ್ಲಾಸ್ಕ್-ಲಾಗಿನ್ ಅನ್ನುವ ಲೈಬ್ರರಿಗಳನ್ನು ಹಾಕಿಕೊಂಡೆ. ಫ್ಲಾಸ್ಕ್-ಲಾಗಿನ್ ಹೆಸರು ದೊಡ್ಡದು, ಆದರೆ ಯಾರು ಒಳಗಿದ್ದಾರೆ ಅನ್ನುವುದನ್ನಷ್ಟೇ ಅದು ನೆನಪಿಡುತ್ತದೆ. ಐಡಿ ಹಿಡಿದು ಡೇಟಾಬೇಸ್‌ನಿಂದ ಬಳಕೆದಾರರನ್ನು ತರುವ ಫಂಕ್ಷನ್ ನಾವೇ ಬರೆಯಬೇಕು. ಪಿಎಚ್‌ಪಿಯಿಂದ ಬಂದ ನನಗೆ ಇದೇ ಹಿತವಾಯಿತು. ಯಾವ ಸಾಲು ಏನು ಮಾಡುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಪಾಸ್‌ವರ್ಡನ್ನು ಹಾಗೇ ಇಡದೆ, ಅದನ್ನು ಕಲಸಿ ಮಾಡಿದ ಹ್ಯಾಶ್ ಅನ್ನು ಡೇಟಾಬೇಸ್‌ನಲ್ಲಿ ಇಡುತ್ತಾರೆ. ಹಳೆಯ ಪಾಠಗಳಲ್ಲಿ ಆ ಹ್ಯಾಶ್‌ನ ಕಾಲಂಗೆ 128 ಅಕ್ಷರ ಅಂತ ಇರುತ್ತದೆ. ಈಗ ಫ್ಲಾಸ್ಕ್ ಜೊತೆ ಬರುವ ವರ್ಕ್‌ಜಾಯ್ಗ್ ಲೈಬ್ರರಿ ಎಸ್‌ಕ್ರಿಪ್ಟ್ ಅನ್ನುವ ಹ್ಯಾಶ್ ವಿಧಾನ ಬಳಸುತ್ತದೆ, ಹ್ಯಾಶ್ 162 ಅಕ್ಷರ ಆಗುತ್ತದೆ. ಎಸ್‌ಕ್ಯೂಲೈಟ್ ಡೇಟಾಬೇಸ್ ಉದ್ದ ನೋಡದೆ ನುಂಗಿಕೊಳ್ಳುತ್ತದೆ. ಅದೇ ಕೋಡ್ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಹಾಕಿ, ಮೊದಲ ಸೈನಪ್‌ಗೇ ಎರರ್. ನಾನು 255 ಇಟ್ಟೆ.

ಸೆಷನ್‌ನಲ್ಲೂ, ಅಂದರೆ ಲಾಗಿನ್ ಆದವರ ನೆನಪು ಇಡುವ ರೀತಿಯಲ್ಲೂ ವ್ಯತ್ಯಾಸ ಇದೆ. ಜ್ಯಾಂಗೊ ಸೆಷನ್ ಅನ್ನು ಡೇಟಾಬೇಸ್‌ನಲ್ಲಿಟ್ಟು ಕುಕಿಯಲ್ಲಿ ಕೀ ಮಾತ್ರ ಕಳಿಸುತ್ತದೆ. ಫ್ಲಾಸ್ಕ್ ಪೂರ್ತಿ ಸೆಷನ್ ಅನ್ನೇ ಕುಕಿಯಲ್ಲಿ ಕಳಿಸುತ್ತದೆ. ಸಹಿ ಇರುವುದರಿಂದ ತಿದ್ದೋಕಾಗಲ್ಲ, ಆದರೆ ಓದೋಕಾಗುತ್ತದೆ. ಗುಟ್ಟಿನದೇನನ್ನೂ ಅದರಲ್ಲಿ ಇಡಬೇಡಿ.

ಕನ್ನಡದಲ್ಲಿ ಪಾಸ್‌ವರ್ಡ್ ಇಡುವವರಿಗೆ ಒಂದು ಮಾತು. ಪಿಎಚ್‌ಪಿಯಲ್ಲಿ ರೂಢಿಯಿರುವ ಬಿಕ್ರಿಪ್ಟ್ ಅನ್ನುವ ಹ್ಯಾಶ್ ವಿಧಾನ 72 ಬೈಟ್‌ಗಿಂತ ಮುಂದೆ ನೋಡಲ್ಲ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯೂಟಿಎಫ್-8 ಪದ್ಧತಿಯಲ್ಲಿ ‘ಕ’ ಒಂದಕ್ಕೇ 3 ಬೈಟ್, ‘ಕ್ಷ’ಗೆ 9. ಉದ್ದದ ಕನ್ನಡ ಸಾಲಿನ ಬಾಲ ಲೆಕ್ಕಕ್ಕೇ ಬರಲ್ಲ. ಜ್ಯಾಂಗೊ, ಫ್ಲಾಸ್ಕ್ ಎರಡರ ಡೀಫಾಲ್ಟ್ ಹ್ಯಾಶ್‌ಗಳಿಗೂ ಆ ಮಿತಿ ಇಲ್ಲ.

ಕಲಿಯೋಕೆ ಫ್ಲಾಸ್ಕ್ ಚೆನ್ನ. ಆದರೆ ನಾನು ಉಳಿಸಿಕೊಂಡಿದ್ದು ಜ್ಯಾಂಗೊದಲ್ಲಿ ಕಟ್ಟಿದ್ದನ್ನೇ, ಪಾಸ್‌ವರ್ಡ್ ರೀಸೆಟ್ ಕಾರಣಕ್ಕೆ. ಮರೆತವರಿಗೆ ಕಳಿಸುವ ಅದರ ಲಿಂಕ್ 3 ದಿನಕ್ಕೆ ಸಾಯುತ್ತದೆ, ಪಾಸ್‌ವರ್ಡ್ ಬದಲಾದರೆ ಆಗಲೇ ಸಾಯುತ್ತದೆ. ಫ್ಲಾಸ್ಕ್‌ನಲ್ಲಿ ಇದನ್ನೆಲ್ಲ ನಾನೇ ಬರೆದು, ನಾನೇ ಟೆಸ್ಟ್ ಮಾಡಬೇಕಿತ್ತು.