ಐಸ್ ಪ್ಲಾಂಟ್‌ಗೆ ಹಾಕ್ಸಿದ 11,500 ರೂಪಾಯಿ ಕಂಟ್ರೋಲ್ ಬೋರ್ಡು, ನಾಲ್ಕು ಸೀಸನ್ ಆದ್ಮೇಲೆ

ಉತ್ತರ ಕನ್ನಡದ ಕರಾವಳಿಯ ತದಡಿ ಹತ್ರ ಒಂದು ಹಳೇ ಐಸ್ ಪ್ಲಾಂಟ್‌ನಲ್ಲಿ ನಾನು ಮೇಂಟೆನೆನ್ಸ್ ನೋಡ್ಕೊಳ್ಳೋನು. ಅಮೋನಿಯಾ ಪ್ಲಾಂಟು (ತಂಪು ಮಾಡೋಕೆ ಅಮೋನಿಯಾ ಗ್ಯಾಸು), 40 ಎಚ್‌ಪಿ ಕಂಪ್ರೆಸರ್ ಒಂದು. 2021ರವರೆಗೆ ಎಲ್ಲಾ ಕೈಯಲ್ಲೇ. ರಾತ್ರಿ ಕರೆಂಟ್ ಹೋಗಿ ಬಂತು ಅಂದ್ರೆ ಆಪರೇಟರ್ ಎದ್ದು ಮೊದ್ಲು ಕಂಡೆನ್ಸರ್ ನೀರಿನ ಪಂಪು, ಆಮೇಲೆ ಬ್ರೈನ್ ಟ್ಯಾಂಕಿನ (ಐಸ್ ಕಟ್ಟೋ ಉಪ್ಪುನೀರಿನ ತೊಟ್ಟಿ) ನೀರು ಕಲಕೋ ಅಜಿಟೇಟರ್, ಕೊನೆಗೆ ಕಂಪ್ರೆಸರ್ ಅಂತ ಒಂದೊಂದೇ ಹಾಕ್ಬೇಕು, ನಿದ್ದೆಗಣ್ಣಲ್ಲಿ ಪಂಪು ಮರೆತು ಕಂಪ್ರೆಸರ್ ಹಾಕಿದ್ರೆ ಪ್ರೆಶರ್ ಏರಿ ಎಚ್‌ಪಿ ಕಟೌಟ್ (ಹೈ ಪ್ರೆಶರ್ ಆದ್ರೆ ಮಷಿನ್ ನಿಲ್ಸೋ ಸ್ವಿಚ್ಚು) ಬೀಳ್ತಿತ್ತು, ವಾರಕ್ಕೆ ಒಂದ್ಸಲ ಆದ್ರೂ ಇದೇ ಕಥೆ.

ಪಿಎಲ್‌ಸಿ (ಫ್ಯಾಕ್ಟರಿ ಮಷಿನ್ ಓಡ್ಸೋಕೆ ಅಂತ್ಲೇ ಬರೋ ಕಂಟ್ರೋಲ್ ಕಂಪ್ಯೂಟರ್) ಪ್ಯಾನಲ್‌ಗೆ ಕೊಟೇಶನ್ ತರ್ಸಿದ್ರೆ 68,000. ನಮ್ಮ ಸಾವ್ಕಾರ್ರು ಕಾಗದ ನೋಡಿ "ಇದ್ರಲ್ಲಿ ಅರ್ಧ ತಿಂಗ್ಳು ಕರೆಂಟ್ ಬಿಲ್ ಕಟ್ಬೋದಲ್ಲೋ ಮಾರಾಯಾ" ಅಂದ್ರು, ಅಲ್ಲಿಗೆ ಅದು ಮುಗೀತು. ಹುಬ್ಬಳ್ಳಿ ಕಡೆ ಒಂದು ಸಣ್ಣ ವರ್ಕ್‌ಶಾಪ್‌ನವ್ರು (ಹೆಸರು ಬೇಡ) ಬೋರ್ಡ್ ಮಾಡ್ಕೊಟ್ರು, 11,500. ಒಳಗೆ ಎಟಿಮೆಗಾ328 ಚಿಪ್ಪು, ಅಂದ್ರೆ ಆರ್ಡುವಿನೊ ಊನೋದಲ್ಲಿ ಇರೋದೇ, ಇನ್‌ಪುಟ್‌ಗೆಲ್ಲಾ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಚಿಪ್ಪನ್ನ ಹೊರಗಿನ ವೈರಿಂದ ಬೇರೆ ಇಡೋ ಪಾರ್ಟು), ಎಂಟು ರಿಲೇ (ಚಿಪ್ಪು ಹೇಳಿದ ಹಾಗೆ ಆನ್-ಆಫ್ ಆಗೋ ಸಣ್ಣ ಸ್ವಿಚ್ಚು), ಅದನ್ನ ಎಳೆಯೋಕೆ ಒಂದು ಯುಎಲ್‌ಎನ್2803 ಐಸಿ, ಎರಡು ಸಾಲಿನ ಡಿಸ್‌ಪ್ಲೇ. ಇಷ್ಟೇ. ಕರೆಂಟ್ ಬಂದ್ರೆ ಪಂಪು, ಅಜಿಟೇಟರ್ ತಾನೇ ಶುರುವಾಗ್ತವೆ, ಐದು ನಿಮಿಷ ಎಣಿಸಿ ಹಸಿರು ಲೈಟ್ ಹತ್ತುತ್ತೆ, ಆಮೇಲೆ ಬಟನ್ ಒತ್ತಿದ್ರೇ ಕಂಪ್ರೆಸರ್. ಅದನ್ನೂ ಆಟೋ ಮಾಡ್ಕೊಡ್ತೀವಿ ಅಂದಿದ್ರು, ನಾನೇ ಬೇಡ ಅಂದೆ. ಅಮೋನಿಯಾ ಪ್ಲಾಂಟಲ್ಲಿ ಕಂಪ್ರೆಸರ್ ಶುರುವಾಗುವಾಗ ಎದುರಿಗೆ ಮನುಷ್ಯ ಇರ್ಬೇಕು.

ಮೊದಲ ತಿಂಗಳು ತಲೆ ತಿಂದಿದ್ದು ಕಾಂಟ್ಯಾಕ್ಟರ್, ಅಂದ್ರೆ ರಿಲೇ ತನ್ನ ಕಾಯ್ಲ್‌ಗೆ ಕರೆಂಟ್ ಕೊಟ್ಟಾಗ ಮೋಟಾರ್ ಆನ್ ಮಾಡೋ ದೊಡ್ಡ ಸ್ವಿಚ್ಚು. ಕಂಪ್ರೆಸರ್ ಆಫ್ ಆದಾಗೆಲ್ಲಾ ಡಿಸ್‌ಪ್ಲೇನಲ್ಲಿ ಚೀನೀ ಅಕ್ಷರದ ಹಾಗೆ ಏನೇನೋ ಬರ್ತಿತ್ತು, ಕೆಲವೊಮ್ಮೆ ಬೋರ್ಡೇ ರೀಸೆಟ್ ಆಗಿ ಐದು ನಿಮಿಷ ಮತ್ತೆ ಮೊದಲಿಂದ. ಎರಡು ತಿಂಗಳೊಳಗೆ ಒಂದು ರಿಲೇ ಅಂಟ್ಕೊಂಡ್ತು. ರಿಲೇ ಮೇಲೆ 10 ಆಂಪ್ಸ್ ಅಂತ ಬರ್ದಿರುತ್ತೆ, ಅದು ಹೀಟರ್ ಥರದ ಲೋಡಿಗೆ ಹೇಳಿದ ಲೆಕ್ಕ, ಕಾಂಟ್ಯಾಕ್ಟರ್ ಕಾಯ್ಲ್ ಬಿಡುವಾಗ ಕಿಡಿ ಹಾರುತ್ತೆ, ಆ ಗಲಾಟೆ ವೈರ್ ಹಿಡ್ಕೊಂಡು ಚಿಪ್ಪಿನವರೆಗೂ ಬರುತ್ತೆ. ಪ್ರತಿ ಕಾಯ್ಲ್‌ಗೆ ಅಡ್ಡಲಾಗಿ 100 ಓಮ್ ರೆಸಿಸ್ಟರು, 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಸೀರೀಸಲ್ಲಿ ಹಾಕ್ದೆ, ಅವತ್ತಿಂದ ಇವತ್ತಿನವರೆಗೆ ಒಂದೇ ಒಂದು ಅಕ್ಷರ ಕೆಟ್ಟಿಲ್ಲ. ಚಿಲ್ಲರೆ ಕಾಸಿನ ಸಾಮಾನು, ಬೋರ್ಡ್ ಜೊತೆಗೇ ಕೊಡ್ಬೇಕಿತ್ತು ಅವ್ರು.

ಆಮೇಲೆ ಸೆನ್ಸರ್. ಬ್ರೈನ್ ಟೆಂಪರೇಚರ್ ನೋಡೋಕೆ ಡಿಎಸ್18ಬಿ20, ಸ್ಟೀಲ್ ಕ್ಯಾಪ್ ಇರೋದು, ವಾಟರ್‌ಪ್ರೂಫ್ ಅಂತ ಮಾರ್ತಾರಲ್ಲ ಅದು. ಒಂದು ಬೆಳಿಗ್ಗೆ ಹೋಗಿ ನೋಡ್ತೀನಿ, ಮೈನಸ್ 9 ಇರ್ಬೇಕಾದ ಟ್ಯಾಂಕು 85 ಡಿಗ್ರಿ ತೋರಿಸ್ತಿದೆ! ಉಪ್ಪುನೀರು ವೈರ್ ಬರೋ ಬಾಯಿಂದ ಒಳಗೆ ಹೋಗಿತ್ತು. ಈ ಸೆನ್ಸರ್ ಪವರ್ ಕಟ್ಟಾಗಿ ಬಂದಾಗ ಅಳತೆ ಮಾಡೋಕೆ ಮುಂಚೆ ಅದ್ರೊಳಗೆ ಇರೋ ನಂಬರೇ 85, ಪ್ರೋಗ್ರಾಮ್ ಬರೆದೋರು ಅದನ್ನ ಫಾಲ್ಟ್ ಅಂತ ಹಿಡೀಬೇಕಿತ್ತು, ಹಿಡ್ದಿಲ್ಲ, ಬೋರ್ಡು ಪಾಪ ಟ್ಯಾಂಕ್ ಬಿಸಿ ಇದೆ ಅಂದ್ಕೊಂಡು ಕಂಪ್ರೆಸರ್ ನಿಲ್ಸದೆ ರಾತ್ರಿಯಿಡೀ ಓಡ್ಸಿದೆ. ಕೊನೆಗೆ ಎಲ್‌ಪಿ ಕಟೌಟ್ (ಪ್ರೆಶರ್ ತೀರಾ ಇಳಿದ್ರೆ ನಿಲ್ಸೋ ಸ್ವಿಚ್ಚು) ಬಿದ್ದು ನಿಂತಿದೆ. ಅದು ನಿಂತಿದ್ದಕ್ಕೆ ಕಾರಣ ಬೋರ್ಡಲ್ಲ. ಎಚ್‌ಪಿ, ಎಲ್‌ಪಿ, ಆಯಿಲ್ ಕಟೌಟ್ ಮೂರನ್ನೂ, ಜೊತೆಗೆ ಓವರ್‌ಲೋಡನ್ನೂ ನಾನು ಕಾಂಟ್ಯಾಕ್ಟರ್ ಕಾಯ್ಲ್ ಲೈನಲ್ಲೇ ನೇರ ಸೀರೀಸ್ ಬಿಟ್ಟಿದ್ದೆ, ಯಾವುದು ಬಿದ್ರೂ ಬೋರ್ಡನ್ನ ಕೇಳದೆ ಕಂಪ್ರೆಸರ್ ನಿಲ್ಲುತ್ತೆ. ವೈರಿಂಗ್ ಕಮ್ಮಿ ಆಗುತ್ತೆ, ಎಲ್ಲಾ ಬೋರ್ಡಿಗೇ ಕೊಡಿ ಅಂತ ವರ್ಕ್‌ಶಾಪ್‌ನವ್ರು ಹೇಳಿದ್ರು, ಕೇಳಿದ್ರೆ ಅವತ್ತು ಏನಾಗ್ತಿತ್ತೋ. ಈಗ ಸ್ಟೇನ್‌ಲೆಸ್ ಪೈಪಿನ ತುದಿ ಬೆಸೆದು, ಒಳಗೆ ಸ್ವಲ್ಪ ಆಯಿಲ್ ಹಾಕಿ ಅದ್ರಲ್ಲಿ ಸೆನ್ಸರ್ ಇಳಿಬಿಟ್ಟಿದೀನಿ, ಪೈಪಿನ ಬಾಯಿ ನೀರಿಂದ ಒಂದಡಿ ಮೇಲೆ. ತಾಮ್ರದ ಪೈಪ್ ಹಾಕೋಕೆ ಹೋಗ್ಬೇಡಿ, ಅಮೋನಿಯಾ ತಿಂದು ಹಾಕುತ್ತೆ.

ಆದ್ರೆ ನಿಜವಾದ ಪೆಟ್ಟು ಬಿದ್ದಿದ್ದು ಮಷಿನ್ ಓಡದೇ ಇದ್ದಾಗ. ಜೂನ್ 1ರಿಂದ ಜುಲೈ 31 ಮೀನುಗಾರಿಕೆ ಬಂದ್, 61 ದಿನ ಪ್ಲಾಂಟಿಗೂ ರಜೆ, ಮೇನ್ ಆಫ್ ಮಾಡಿ ಬೀಗ ಹಾಕಿ ಹೋಗೋದು ರೂಢಿ. 2022ರಲ್ಲಿ ಸೀಸನ್ ಶುರುವಿಗೆ ಐಸ್ ರೆಡಿ ಇರ್ಬೇಕಲ್ಲ ಅಂತ ಜುಲೈ ಕೊನೇ ವಾರ ಸ್ವಿಚ್ ಹಾಕ್ತೀನಿ, ಬೋರ್ಡಿಗೆ ಜೀವನೇ ಇಲ್ಲ. ಬಾಕ್ಸ್ ತೆಗೆದ್ರೆ ಟರ್ಮಿನಲ್ ಸ್ಕ್ರೂ ಎಲ್ಲಾ ಹಸಿರು, ಬೋರ್ಡ್ ಮೇಲೆ ಕರೆಂಟ್ ಹರಿಯೋ ತಾಮ್ರದ ಗೆರೆ ಒಂದು ಕಡೆ ಪೂರ್ತಿ ನೀಲಿಯಾಗಿ ಕಿತ್ತು ಬಂದಿದೆ. ಮಳೆಗಾಲದ ಥಂಡಿ, ಸಮುದ್ರದ ಉಪ್ಪುಗಾಳಿ, ಮೇಲಿಂದ ಗ್ಲ್ಯಾಂಡ್ ಪ್ಯಾಕಿಂಗಲ್ಲಿ (ಗ್ಯಾಸ್ ಸೋರದಂತೆ ತುರುಕಿರೋ ಪ್ಯಾಕಿಂಗು) ಸಣ್ಣಗೆ ಸೋರೋ ಅಮೋನಿಯಾ. ಓಡ್ತಾ ಇದ್ದಾಗ ಟ್ರಾನ್ಸ್‌ಫಾರ್ಮರ್ ಬಿಸಿಗೆ ಬಾಕ್ಸ್ ಒಣಗಿರ್ತಿತ್ತು, ಆಫ್ ಮಾಡಿ ನಾವೇ ಕೊಂದ್ವಿ ಅದನ್ನ. ಫೋನ್ ಮಾಡಿದ್ರೆ ವರ್ಕ್‌ಶಾಪ್‌ನವ್ರು ಹತ್ತು ದಿನ ಆಗುತ್ತೆ ಅಂದ್ರು. ಆ ಕಡೆ ಬೋಟಿನವ್ರು ಐಸ್ ಎಲ್ಲಿ ಐಸ್ ಎಲ್ಲಿ ಅಂತಿದಾರೆ. ಟೂತ್‌ಬ್ರಶ್, ಐಪಿಎ (ಬೋರ್ಡ್ ತೊಳೆಯೋ ಆಲ್ಕೋಹಾಲ್) ತಗೊಂಡು ಕೂತು ಉಜ್ಜಿ, ಕಿತ್ತೋದ ಗೆರೆ ಜಾಗಕ್ಕೆ ವೈರ್ ಬೆಸೆದೆ, ಸಂಜೆ ಹೊತ್ತಿಗೆ ಎದ್ಕೊಂತು. ಪಿಎಲ್‌ಸಿ ಆಗಿದ್ರೆ ನಾನು ಕೈ ಹಾಕ್ತಿರ್ಲಿಲ್ಲ, ಹಾಕೋಕೆ ಧೈರ್ಯನೂ ಇರ್ತಿರ್ಲಿಲ್ಲ. ಈ ಬೋರ್ಡಿಗೆ ನಾನು ಮಾರ್ಕ್ ಕೊಡೋದೇ ಇದಕ್ಕೆ, ಎಲ್ಲಾ ಕಣ್ಣಿಗೆ ಕಾಣೋ ದೊಡ್ಡ ಪಾರ್ಟು, ಚಿಪ್ಪು ಐಸಿ ಬೇಸ್ ಮೇಲೆ ಕೂತಿದೆ.

ಒಂದು ಜಗಳ ಇನ್ನೂ ಇದೆ, ವರ್ಕ್‌ಶಾಪ್‌ನವ್ರು ಪ್ರೋಗ್ರಾಮ್ ಕೊಡಲ್ಲ ಅಂತಾರೆ. ಜಗ್ಗಾಡಿ ಜಗ್ಗಾಡಿ ಪ್ರೋಗ್ರಾಮ್ ಹಾಕಿದ ಸ್ಪೇರ್ ಚಿಪ್ ಒಂದು ಇಸ್ಕೊಂಡಿದೀನಿ, 85 ಬಂದ್ರೆ ಅಲಾರಂ ಕೊಡೋ ಹಾಗೆ ತಿದ್ದಿಸ್ಕೊಂಡು. ತಗೊಳ್ಳೋರು ದುಡ್ಡು ಕೊಡೋಕೆ ಮುಂಚೆನೇ ಇದನ್ನ ಮಾತಾಡ್ಕೊಳ್ಳಿ.

ಸ್ಪೀಡ್ ಕಂಟ್ರೋಲು, ಹತ್ತಾರು ಸೆನ್ಸರು, ನಾಲ್ಕು ಕಂಪ್ರೆಸರ್ ಇರೋ ಕಡೆ ಇದು ಸಾಲಲ್ಲ, ಅಲ್ಲಿ ಪಿಎಲ್‌ಸಿನೇ ಹಾಕ್ಸಿ. ನಮ್ಮಂಥ ಪ್ಲಾಂಟಿಗೆ 5ಕ್ಕೆ 3.5. ನಾಲ್ಕು ಸೀಸನ್‌ನಲ್ಲಿ ರಿಲೇ ಮೂರು, ಸೆನ್ಸರ್ ಎರಡು ಹೋಗಿವೆ, ಚಿಪ್ಪು ಮೊದಲಿಂದ್ದೇ.

2023ರಿಂದ ಬೋರ್ಡಿಗೆ ಎರಡು ಕೋಟ್ ಲ್ಯಾಕರ್ ಹೊಡ್ದು, ಕೇಬಲ್ ಎಲ್ಲಾ ಬಾಕ್ಸಿನ ಕೆಳಗಿಂದ ತಂದಿದೀನಿ. ಮಳೆಗಾಲದಲ್ಲಿ ಮೇನ್ ಆಫ್ ಮಾಡಲ್ಲ, ಬಾಕ್ಸ್ ಒಳಗೆ ಒಂದು ಜೀರೋ ಬಲ್ಬ್ ಉರೀತಿರುತ್ತೆ, ಹಳೇ ಕಾಲದ ಬಿಸಿಯಾಗೋ ಬಲ್ಬು. ಅಂಗಡಿಗೆ ಹೋದ್ರೆ ಎಲ್ಲರೂ ಎಲ್‌ಇಡಿನೇ ತೆಗೆದು ಕೊಡ್ತಾರೆ, ಕುಮಟೆಯಲ್ಲಿ ಹುಡುಕಿ ಹುಡುಕಿ ಆರು ತಂದಿಟ್ಟಿದ್ದೆ, ಈಗ ಎರಡು ಉಳಿದಿವೆ. ಎಲ್ಲಾದ್ರೂ ಸಿಗುತ್ತೆ ಅಂದ್ರೆ ಹೇಳಿ ಮಾರ್ರೆ.