ಉಚಿತ ಕಾನೂನು ನೆರವು: ಆಪಾ ಜೊತೆ ಹನ್ನೊಂದು ತಿಂಗಳು ಓಡಾಡಿದ ಮೇಲೆ

ಸೇವೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುವ ಉಚಿತ ವಕೀಲರು, ಅಲ್ಲಿಂದ ಜೀವನಾಂಶದ ಕೇಸಿಗೆ ಕೌಟುಂಬಿಕ ನ್ಯಾಯಾಲಯ. ಖರ್ಚು: ವಕೀಲರ ಫೀಸು ಒಂದು ರೂಪಾಯಿಯೂ ಇಲ್ಲ. ಶಕ್ತಿ ಯೋಜನೆ ಇರೋದ್ರಿಂದ ಬಸ್ಸಿಗೂ ಇಲ್ಲ. ಜೆರಾಕ್ಸ್, ಫೋಟೋ, ಆಟೋ ಮಾತ್ರ ನಮ್ಮದು. ನಾನು ಐದಕ್ಕೆ ನಾಲ್ಕು ಕೊಡ್ತೀನಿ.

ನಮ್ಮ ಆಪಾಗೆ, ಅಂದ್ರೆ ಅಕ್ಕನಿಗೆ, ಎರಡು ಮಕ್ಕಳು. ಭಾವ ತಿಂಗಳಿಗೆ ಒಂದರಂತೆ ಮೂರು ಸಲ ತಲಾಖ್ ಬರೆದು ಕಳಿಸಿದರು. 2017ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು ಒಂದೇ ಉಸಿರಿಗೆ ಹೇಳುವ ಮೂರು ತಲಾಖ್ ಮಾತ್ರ, ಇದು ಆ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಎಲ್ಲರಂತೆ ನಾವೂ ಮೊದಲು ಮಸೀದಿಯ ಹಿರಿಯರ ಕೂಟವಾದ ಜಮಾತ್‌ಗೇ ಹೋದೆವು. ಹಿರಿಯರು ಚಾಪೆ ಮೇಲೆ ಕೂತಿದ್ದರು, ಭಾವ ಅವರ ಎದುರಿಗೆ. ಆಪಾ ಮತ್ತು ನಾನು ಪಕ್ಕದ ಕೋಣೆಯಲ್ಲಿ, ಬಾಗಿಲಿಗೆ ಹಸಿರು ಪರದೆ. ಏನು ಹೇಳಬೇಕಾದರೂ ನಮ್ಮ ಅಣ್ಣನ ಕೈಲಿ ಹೇಳಿಸಬೇಕು. ಇದ್ದತ್‌ನ (ತಲಾಖ್ ನಂತರ ಕಾಯುವ ಅವಧಿ) ಮೂರು ತಿಂಗಳ ಖರ್ಚು, ಬಾಕಿ ಇದ್ದ ಮೆಹರ್ (ಮದುವೆಯಲ್ಲಿ ಗಂಡ ಕೊಡಬೇಕೆಂದು ಒಪ್ಪಿದ ಹಣ), ಅಲ್ಲಿಗೆ ಮುಗೀತು ಅಂದರು. ಮಕ್ಕಳ ಶಾಲೆ ಫೀಸು? ಅಣ್ಣ ಕೇಳೋಕೆ ಬಾಯಿ ತೆರೆಯುವಷ್ಟರಲ್ಲಿ ನಮಾಜಿನ ಹೊತ್ತಾಯ್ತು ಅಂತ ಎಲ್ಲರೂ ಎದ್ದರು. ತೀರ್ಮಾನವನ್ನು ಬರೆದು ಕೊಡಿ ಅಂದರೆ ಕೊಡಲಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಯಾರ ಹತ್ತಿರ ಹೋಗಬೇಕು ಅಂದರೆ ಅದಕ್ಕೂ ಉತ್ತರ ಇಲ್ಲ. ಎಲ್ಲ ಜಮಾತ್ ಹೀಗೇ ಅಂತ ನಾನು ಹೇಳುತ್ತಿಲ್ಲ, ನಮಗೆ ಆದದ್ದು ಇದು.

ಆಪಾ ಆ ದಿನ ಇಡೀ ಹನ್ನೆರಡು ವರ್ಷದ ಸಂಸಾರದ ಬಗ್ಗೆ ಒಂದು ಮಾತೂ ಆಡದೆ ಮನೆಗೆ ಬಂದಳು.

ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದ್ದು ನಾನೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ ಆದಾಯದ ಮಿತಿ ಇಲ್ಲ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಆಧಾರ್, ರೇಷನ್ ಕಾರ್ಡ್, ಮದುವೆಯ ದಾಖಲೆ ನಿಕಾಹ್‌ನಾಮಾ, ಮಕ್ಕಳ ಜನನ ಪ್ರಮಾಣಪತ್ರ ತೆಗೆದುಕೊಂಡು ಹೋದೆವು. ಸಿಕ್ಕವರು ಚಿಕ್ಕ ವಯಸ್ಸಿನ ಮೇಡಂ. ಮೊದಲ ದಿನ ಅಫಿಡವಿಟ್ ಫಾರಂ ಮುಂದಿಟ್ಟುಕೊಂಡು ಒಂದೊಂದೇ ಕೇಳುತ್ತಾ ಹೋದರು. ಹಾಲಿಗೆ ಎಷ್ಟು, ಗ್ಯಾಸಿಗೆ ಎಷ್ಟು, ಮನೆ ಬಾಡಿಗೆ, ಸ್ಕೂಲ್ ವ್ಯಾನು, ದೊಡ್ಡವನ ಇನ್‌ಹೇಲರ್. ಹೊಲಿಗೆಯಿಂದ ತಿಂಗಳಿಗೆ ಎಷ್ಟು ಬರುತ್ತಮ್ಮ ಅಂದಾಗ ಆಪಾ ನನ್ನ ಮುಖ ನೋಡಿದಳು. ಮೇಡಂ ಪೆನ್ನು ಕೆಳಗಿಟ್ಟು, "ನೀವೇ ಹೇಳಿ, ನಿಮ್ಮ ಬಾಯಿಂದಲೇ ಬರಬೇಕು" ಅಂದರು. ಆಗ ಆಪಾ ಮಾತಾಡೋಕೆ ಶುರು ಮಾಡಿದಳು ನೋಡಿ, ಒಂದೂವರೆ ಗಂಟೆ ನಿಲ್ಲಿಸಲಿಲ್ಲ. ನಾನು ಕೊಡುವ ನಾಲ್ಕು ಅಂಕದಲ್ಲಿ ಎರಡು ಆ ಒಂದೂವರೆ ಗಂಟೆಗೇ.

ಆ ಕಡೆ ವಕೀಲರು ಎತ್ತಿದ್ದು ಹಳೇ ವಾದ. ಮುಸ್ಲಿಂ ಹೆಂಗಸಿಗೆ 1986ರ ಕಾಯ್ದೆ ಇದೆ, ಎಲ್ಲರಿಗೂ ಇರುವ ಜೀವನಾಂಶದ ಕಾನೂನು ಇವಳಿಗೆ ಅನ್ವಯಿಸಲ್ಲ ಅಂತ. ಇದರ ಬೇರು ಶಾ ಬಾನೋ ಕೇಸಿನಲ್ಲಿದೆ. ತಲಾಖ್ ಆದ ಇಂದೋರಿನ ಆ ಅಜ್ಜಿಗೆ ಮ್ಯಾಜಿಸ್ಟ್ರೇಟ್ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆ ಮಾಡಿತು. ಗಂಡ ಸ್ವತಃ ವಕೀಲ, ಅಷ್ಟು ಸಣ್ಣ ಮೊತ್ತಕ್ಕೂ ಸುಪ್ರೀಂ ಕೋರ್ಟ್‌ವರೆಗೆ ಹೋದ. 1985ರಲ್ಲಿ ಅಲ್ಲಿಯೂ ಆಕೆಯೇ ಗೆದ್ದಳು. ಮರುವರ್ಷ ಸರ್ಕಾರ ಒತ್ತಡಕ್ಕೆ ಮಣಿದು ಬೇರೆ ಕಾಯ್ದೆ ತಂದಿತು, ಅದೇ ಈ 1986ರ ಕಾಯ್ದೆ. ಒಬ್ಬ ಹೆಂಗಸಿನ ಅನ್ನದ ಪ್ರಶ್ನೆ ಇಡೀ ಸಮುದಾಯದ ಮಾನದ ಪ್ರಶ್ನೆ ಆಗಿಬಿಟ್ಟಿತು, ಅಜ್ಜಿ ಮಾತ್ರ ನಡುವೆ ಒಬ್ಬಳೇ ಉಳಿದಳು. ನಮ್ಮ ಮೇಡಂ 2024ರ ಜುಲೈ 10ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿ ಕೊಟ್ಟರು. ತಲಾಖ್ ಆದ ಮುಸ್ಲಿಂ ಹೆಂಗಸೂ ಎಲ್ಲರಂತೆ ಆ ಸಾಮಾನ್ಯ ಕಾನೂನಿನಲ್ಲೇ ಜೀವನಾಂಶ ಕೇಳಬಹುದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ವಾದ ಅಲ್ಲಿಗೇ ನಿಂತಿತು.

ಇನ್ನು ಒಂದು ಅಂಕ ಕಡಿಮೆ ಯಾಕೆ ಅಂದ್ರೆ, ನಿಧಾನ. ನೋಟಿಸ್ ಎರಡು ಸಲ "ಮನೆಗೆ ಬೀಗ" ಅಂತ ಷರಾ ಬರೆಸಿಕೊಂಡು ವಾಪಸ್ ಬಂತು, ಭಾವ ಅದೇ ಮನೆಯಲ್ಲೇ ಇದ್ದರು. ನೋಟಿಸ್ ಜಾರಿಯಾದ ಮೇಲೆ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟು 60 ದಿನದಲ್ಲಿ ಮುಗಿಸಬೇಕು ಅಂತ ಕಾನೂನಲ್ಲಿದೆ, ನಮಗೆ ಐದು ತಿಂಗಳು ಹಿಡಿಯಿತು. ಒಬ್ಬ ಸಿಬ್ಬಂದಿ ಪ್ರತಿ ಕೊಡೋಕೆ ಚಹಾ ಕಾಸು ಕೇಳಿದ. ಕೊಡಲಿಲ್ಲ, ಮೂರು ದಿನ ಅಲೆದಾಡಿದೆವು. ಮಗು ಎತ್ತಿಕೊಂಡು ಬಂದವರಿಗೆ ಕೂರಲು ಜಾಗ ಇಲ್ಲ, ಹೆಂಗಸರ ಶೌಚಾಲಯಕ್ಕೆ ಸದಾ ಬೀಗ.

ಬೆಂಚಿನಲ್ಲಿ ನಮ್ಮ ಪಕ್ಕ ಕೂರುತ್ತಿದ್ದ ಹಳ್ಳಿಯ ಅಕ್ಕನದೂ ಇದೇ ಕಥೆ. ಅವರು ಹಿಂದೂ. ಅವರ ಕುಲದ ಪಂಚಾಯ್ತಿಯವರು ಇಪ್ಪತ್ತು ಸಾವಿರಕ್ಕೆ ಬಗೆಹರಿಸಿ ಕೈ ತೊಳೆದುಕೊಂಡಿದ್ದರು. ಇಬ್ಬರದೂ ಒಂದೇ ಫಾರಂ, ಒಂದೇ ಕಾಲಂ. ನನಗೆ ತುಂಬಾ ನಾಟಿದ್ದು ಇದೇ. ಆ ಫಾರಂನಲ್ಲಿ ಯಾರ ಮನೆಯವರು, ಯಾವ ದೇವರು ಅಂತ ನೋಡಿ ಹಣ ನಿಗದಿ ಮಾಡಲ್ಲ.

ನಮ್ಮ ಓಣಿಯಲ್ಲಿ ಕೆಲವರಿಗೆ ಸಿಟ್ಟಿದೆ, ಮನೆ ಮಾತನ್ನು ಕೋರ್ಟಿಗೆ ಒಯ್ದಿರಿ, ದೀನ್ (ಧರ್ಮ) ಬಿಟ್ಟಿರಿ ಅಂತ. ಆಪಾ ಐದು ಹೊತ್ತು ನಮಾಜ್ ಮಾಡ್ತಾಳೆ, ನಾನೂ ರೋಜಾ ಬಿಡಲ್ಲ. ಮೌಲಾನಾ ಹತ್ತಿರ ಸಲಹೆ ಕೇಳಬೇಡಿ ಅಂತ ಯಾರೂ ಹೇಳಿಲ್ಲ. ಫತ್ವಾಕ್ಕೆ ಕಾನೂನಿನ ಬಲ ಇಲ್ಲ, ಅದನ್ನು ಯಾರ ಮೇಲೂ ಹೇರುವಂತಿಲ್ಲ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪರದೆ ಹಿಂದೆ ಕೂರಿಸಿ ಮಾಡಿದ ತೀರ್ಮಾನವೇ ಕೊನೇ ಮಾತು ಅಂದ್ರೆ ನಾನು ಒಪ್ಪಲ್ಲ. ಹೆಂಗಸಿನ ಮಾತು ಕೇಳಬೇಕು, ತೀರ್ಮಾನ ಬರೆದು ಕೊಡಬೇಕು, ಸರಿ ಅನ್ನಿಸದಿದ್ದರೆ ಮೇಲಿನ ಕೋರ್ಟಿಗೆ ಹೋಗೋಕೆ ದಾರಿ ಇರಬೇಕು. ಇದು ಯಾರೋ ಕೊಡುವ ಭಿಕ್ಷೆ ಅಲ್ಲ, ಅವಳ ಹಕ್ಕು.

ಆದೇಶ ಬಂದಿದೆ, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಮೊದಲ ಕಂತು ಆಪಾ ಅಕೌಂಟಿಗೆ ಹೋದ ತಿಂಗಳು ಬಿತ್ತು, ದೊಡ್ಡವನ ಫೀಸು ಕಟ್ಟಿ ರಸೀದಿಯನ್ನು ಆದೇಶದ ಜೊತೆಗೇ ಪಿನ್ ಮಾಡಿ ಇಟ್ಟಿದ್ದಾಳೆ. ಹೋಗುವವರು ಬೆಳಿಗ್ಗೆ ಹತ್ತೂವರೆಗೇ ಹೋಗಿ, ಪ್ರತಿ ಕಾಗದದ ಮೂರು ಜೆರಾಕ್ಸ್ ಇಟ್ಟುಕೊಳ್ಳಿ, ನೀರಿನ ಬಾಟಲ್ ಮರೆಯಬೇಡಿ. ನಿಕಾಹ್‌ನಾಮಾ ಗಂಡನ ಮನೆಯಲ್ಲೇ ಉಳಿದಿದ್ರೂ ಪರವಾಗಿಲ್ಲ, ಹೋಗಿ ಕೇಳಿ.